ದೊಡ್ಡ ಕಂಪನಿಯ ಬುತ್ತಿ

ನನ್ನ ಮದುವೆಯ ಮಾತು ಮೂರು ಮನೆಗಳಲ್ಲಿ ಮುರಿದುಬಿದ್ದದ್ದು ಒಂದೇ ಪ್ರಶ್ನೆಯಿಂದ. "ಹುಡುಗ ಯಾರ ಕಡೆ ನೌಕರಿ ಮಾಡ್ತಾನ್ರಿ?" ಸಾಲಿ ಮಾಸ್ತರನಾಗಿದ್ದರೆ ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಬಸ್ ಕಂಡಕ್ಟರನಾಗಿದ್ದರೆ ಹೇಳುವುದೇ ಬೇಕಿರಲಿಲ್ಲ, ಖಾಕಿ ಅಂಗಿ ನೋಡಿದರೆ ಸಾಕಿತ್ತು. ನನ್ನ ನೌಕರಿಗೆ ಮಾತ್ರ ಒಂದು ಮಾತಿನ ಉತ್ತರವೇ ಇರಲಿಲ್ಲ. ನಾನು ವಿವರಿಸಲು ಬಾಯಿ ತೆರೆದರೆ ಎದುರು ಕೂತವರ ಬಸಿಯಲ್ಲಿದ್ದ ಚಹಾ ತಣ್ಣಗಾಗುತ್ತಿತ್ತು, ಹಿಂದೆಯೇ ಅವರ ಉತ್ಸಾಹವೂ ತಣ್ಣಗಾಗುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಕುಂದಗೋಳ ಕಡೆಯ ಒಂದು ಹಳ್ಳಿ. ಅಪ್ಪನಿಗೆ ಒಂದಿಷ್ಟು ಕುರಿ, ಒಂದಿಷ್ಟು ಎರಿ ಹೊಲ. ನಾನು ಬಿ.ಎ. ಮುಗಿಸಿ ಹುಬ್ಬಳ್ಳಿ ಹೊರಗಿನ ವಿಮಾನ ಇಳಿಯುವ ಬಯಲಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬಯಲು ಎಂದೇ ಹೇಳಬೇಕು. ಒಂದು ಡಾಂಬರು ಪಟ್ಟಿ, ಒಂದು ತಗಡಿನ ಶೆಡ್ಡು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸಲು ಕಂಬಕ್ಕೆ ಕಟ್ಟಿದ ಒಂದು ಬಟ್ಟೆಯ ಚೀಲ. ವಿಮಾನ ಬರುವ ಮುಂಚೆ ಸೈಕಲ್ ಹತ್ತಿ ಆ ಪಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗಿ ಎಮ್ಮೆ, ಮೇಕೆ, ನಾಯಿಗಳನ್ನು ಓಡಿಸಿ ಬರುವುದೂ ನನ್ನ ಕೆಲಸವೇ. ಕುರಿ ಕಾಯಬಾರದೆಂದು ಅಪ್ಪ ನನ್ನನ್ನು ಓದಿಸಿದ್ದ. ಓದಿ ಬೇರೆಯವರ ಮೇಕೆ ಕಾಯತೊಡಗಿದೆ.

ಇನ್ನು ಯಾರ ಕಡೆ ನೌಕರಿ ಎಂಬುದು. ಮುಂಬಯಿಯಿಂದ ದೊಡ್ಡ ಊರುಗಳಿಗೆ ಹಾರುವ ಒಂದು ದೊಡ್ಡ ಕಂಪನಿ ಇತ್ತು. ನಮ್ಮಂಥ ಊರಿಗೆ ಅವರ ದೊಡ್ಡ ವಿಮಾನ ತಂದರೆ ಅರ್ಧಕ್ಕರ್ಧ ಸೀಟು ಖಾಲಿ, ಇಳಿಯಲು ನಮ್ಮ ಪಟ್ಟಿಯೂ ಸಾಲದು. ಹಾಗಂತ ಇಲ್ಲಿಯ ಗಿರಾಕಿಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ. ಹೀಗಾಗಿ ಟಿಕೆಟ್ ಅವರು ಮಾರುತ್ತಿದ್ದರು, ಹಾರಿಸುತ್ತಿದ್ದವರು ನಾವು, ಅಂದರೆ ಸಣ್ಣ ಕಂಪನಿ. ಟಿಕೆಟ್ಟಿನ ಮೇಲೆ ಅವರ ಹೆಸರು, ಅವರ ಹಾರಾಟದ ನಂಬರು. ವಿಮಾನ ನಮ್ಮದು, ಪೈಲಟ್ ನಮ್ಮವರು, ಪಗಾರ ಕೊಡುವವರು ನಮ್ಮವರು. ಪ್ರಯಾಣಿಕರಿಗೆ ಇದಾವುದೂ ಗೊತ್ತಿರುತ್ತಿರಲಿಲ್ಲ. ಅವರ ಪಾಲಿಗೆ ದೊಡ್ಡ ಕಂಪನಿ ಎಂದರೆ ಕೌಂಟರಿನ ಹಿಂದೆ ನಿಂತ ನಾನು. ಹೊಗಳುವುದಿದ್ದರೆ ಮುಂಬಯಿಗೆ ಕಾಗದ ಬರೆಯುತ್ತಿದ್ದರು, ಬೈಯುವುದಿದ್ದರೆ ನನ್ನನ್ನು ಬೈಯುತ್ತಿದ್ದರು.

ಕೌಂಟರಿನ ಹಿಂದೆ ಮೊಳೆಗೆ ಒಂದು ತಗಡಿನ ಹಲಗೆ ತೂಗಿರುತ್ತಿತ್ತು. ಒಂದು ಬದಿಗೆ ಸಣ್ಣ ಕಂಪನಿಯ ಹೆಸರು, ಇನ್ನೊಂದು ಬದಿಗೆ ದೊಡ್ಡದರದು. ಕೆಲವು ದಿನ ನಮ್ಮದೇ ಹೆಸರಿನಲ್ಲಿ ಹಾರುತ್ತಿದ್ದೆವು, ಕೆಲವು ದಿನ ಅವರ ಹೆಸರಿನಲ್ಲಿ. ಅದೇ ವಿಮಾನ, ಅದೇ ಪೈಲಟ್, ಅದೇ ನಾನು. ಹಲಗೆಯನ್ನು ತಿರುವಿ ಹಾಕಿ, ದೊಡ್ಡ ಕಂಪನಿಯವರು ಕಳಿಸಿದ ಕೆಂಪು ಟೈ ಕಟ್ಟಿಕೊಂಡರೆ ಮುಗಿಯಿತು, ನಾವು ದೊಡ್ಡವರಾದೆವು. ಟೈ ಕೂಡ ಒಂದೇ ಇತ್ತು. ನಮ್ಮ ಸಾಹೇಬರು ಮತ್ತು ನಾನು ಸರದಿಯ ಮೇಲೆ ಕಟ್ಟಿಕೊಳ್ಳುತ್ತಿದ್ದೆವು.

ಇದನ್ನೆಲ್ಲ ಹೆಣ್ಣಿನ ಕಡೆಯವರಿಗೆ ಹೇಗೆ ಹೇಳುವುದು? ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಹೇಳುವುದೇ ಬೇಡ ಎಂದು ತೀರ್ಮಾನಿಸಿದ. ನಾಲ್ಕನೆಯ ಸಂಬಂಧ ಮೊರಬದಿಂದ ಬಂದಾಗ ಮಾತುಕತೆಯನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡ. "ನೀ ಬಾಯಿ ಬಿಡಬ್ಯಾಡ. ಬಾಯಿ ಬಿಟ್ಟಲ್ಲೆ ಮೂರು ಹೆಣ್ಣು ಹೋದುವು," ಎಂದು ನನಗೆ ತಾಕೀತು ಮಾಡಿ, ಮೊರಬದವರ ಮುಂದೆ ನಾನು ದೊಡ್ಡ ಕಂಪನಿಯ ದೊಡ್ಡ ಸಾಹೇಬ, ನನ್ನ ಮಾತಿಲ್ಲದೆ ಹುಬ್ಬಳ್ಳಿಯಲ್ಲಿ ಒಂದು ವಿಮಾನವೂ ಏಳುವುದಿಲ್ಲ ಎಂದು ಹೇಳಿಬಿಟ್ಟ. ಮೇಕೆ ಓಡಿಸುವವನು ನಾನೇ ಆದ್ದರಿಂದ ಕೊನೆಯ ಮಾತು ಅಷ್ಟೇನೂ ಸುಳ್ಳಾಗಿರಲಿಲ್ಲ.

ಹುಡುಗಿಯನ್ನು ನಾನು ಒಂದು ಸಲ ನೋಡಿದ್ದೆ. ತಾಟಿನಲ್ಲಿ ಚಹಾ ತಂದಿಟ್ಟು, ತಲೆ ಬಗ್ಗಿಸಿಕೊಂಡು ಹೋಗಿದ್ದಳು. ದನಿ ಕೇಳಿರಲಿಲ್ಲ. ಆದರೂ ನನಗೆ ಮನಸ್ಸಾಗಿತ್ತು. ಈ ಸಂಬಂಧವೂ ತಪ್ಪಿದರೆ ಎಂಬ ಅಂಜಿಕೆಗೆ ರಾತ್ರಿ ಎದ್ದು ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಅವಳ ಕಡೆಯವರು ನಮ್ಮೂರಿಗೆ ಬಂದು ಮನೆ ನೋಡಿದರು, ಹೊಲ ನೋಡಿದರು, ಕುರಿಯ ಹಲ್ಲೂ ನೋಡಿದರು. ಎಲ್ಲ ಒಪ್ಪಿಗೆಯಾಗಿ ಏಳುವ ಹೊತ್ತಿಗೆ ಹುಡುಗಿಯ ಅಜ್ಜಿ, ಅವರ ಮನೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಹಿರಿಯರು, ಸೆರಗು ಸರಿಮಾಡಿಕೊಳ್ಳುತ್ತ ಅಂದರು:

"ಎಲ್ಲಾ ನೋಡಿದಂಗಾತು. ನೌಕರಿ ನೋಡೂದು ಉಳೀತಲ್ಲ."

"ನೌಕರಿ ಏನ ನೋಡ್ತೀರಿ ಆಯಿ, ಅದೇನು ಎಮ್ಮಿ ಏನ್ರಿ?" ಎಂದು ಮಾಮಾ ನಗಲು ನೋಡಿದ.

"ಎಮ್ಮಿ ಆದರ ಇಲ್ಲೇ ನೋಡತಿದ್ವಿ. ವಿಮಾನ ಅಲ್ಲೈತಿ. ಅಲ್ಲೇ ಹೋಗೂಣು," ಅಂದರು ಆಯಿ.

ಹೀಗೆ ಒಂದು ಮುಂಜಾನೆ, ದೊಡ್ಡ ಕಂಪನಿಯ ಹೆಸರಿನಲ್ಲಿ ಹಾರಾಟ ಇದ್ದ ದಿನ, ಮೊರಬದ ಟ್ರ್ಯಾಕ್ಟರ್ ನಮ್ಮ ಬಯಲಿನ ಗೇಟಿನೊಳಗೆ ಬಂತು. ಹೊಡೆಯುತ್ತಿದ್ದವರು ಹುಡುಗಿಯ ಅಪ್ಪ. ಹಿಂದಿನ ಟ್ರೇಲರಿನಲ್ಲಿ ಆಯಿ, ಅವರ ಬಳಗ, ಎಲ್ಲರಿಗಿಂತ ಮುಂದೆ ನಿಂತುಕೊಂಡ ನಮ್ಮ ಮಾಮಾ. ಅಂದು ಟೈ ಸರದಿ ಸಾಹೇಬರದು. ಆದರೆ ನನ್ನ ಮುಖ ನೋಡಿ ಅವರೇ ಬಿಚ್ಚಿ ಕೊಟ್ಟರು. ಮದ್ರಾಸಿನ ಕಡೆಯವರು, ಒಳ್ಳೆಯ ಮನುಷ್ಯ. "ನಿನ್ನ ಮದುವೆ ಆಗಲಿಲ್ಲ ಅಂದರೆ ನೀನು ದಿನವೂ ಹೀಗೇ ಮುಖ ಮಾಡ್ತೀ. ಅದು ನನಗೆ ಕಷ್ಟ," ಎಂದರು.

ವಿಮಾನ ಇನ್ನೂ ಬಂದಿರಲಿಲ್ಲ. ಹೋಗಬೇಕಾದ ಪ್ರಯಾಣಿಕರು ಒಬ್ಬೊಬ್ಬರೇ ಬರುತ್ತಿದ್ದರು. ನಮ್ಮದು ಇಪ್ಪತ್ತಕ್ಕೂ ಕಡಿಮೆ ಸೀಟಿನ ವಿಮಾನ, ಹೀಗಾಗಿ ಚೀಲದ ಜೊತೆ ಜನರನ್ನೂ ತೂಕ ಮಾಡುತ್ತಿದ್ದೆವು. ಮೊರಬದ ಬಳಗ ಶೆಡ್ಡಿನ ಗೋಡೆಗೆ ಒರಗಿ ನಿಂತು ಇದನ್ನು ಬಹಳ ಆಸ್ಥೆಯಿಂದ ನೋಡುತ್ತಿತ್ತು. ಒಬ್ಬ ಹತ್ತಿ ವ್ಯಾಪಾರಿ ಮಾತ್ರ ತೂಕದ ಕಾಟಾದ ಮೇಲೆ ನಿಲ್ಲಲು ಒಪ್ಪಲಿಲ್ಲ. ಮೊದಲು ಬಗ್ಗಿ ಅದರ ಅಡಿಗೆ ನೋಡಿದ, ಕಾಲಿನಿಂದ ಒತ್ತಿದ, ಆಮೇಲೆ ನನ್ನ ಕೈ ಎಲ್ಲಿದೆ ಎಂದು ನೋಡಿದ. ಜೀವಮಾನವಿಡೀ ರೈತರ ಹತ್ತಿ ತೂಗಿದವನಿಗೆ ಕಾಟಾ ಎಂದರೆ ಏನೆಂದು ನಮಗಿಂತ ಚೆನ್ನಾಗಿ ತಿಳಿದಿತ್ತು. ಮುಳ್ಳು ನಿಂತ ಕಡೆ ನೋಡಿ "ಇದು ಜಾಸ್ತಿ ತೋರಸತೈತಿ" ಎಂದ. ಜಾಸ್ತಿ ತೋರಿಸುವ ಕಾಟಾವನ್ನು ಅವನು ತನ್ನ ಅಂಗಡಿಯಲ್ಲಿ ಒಂದು ದಿನವೂ ಇಟ್ಟಿರಲಿಕ್ಕಿಲ್ಲ ಎಂದು ಹುಡುಗಿಯ ಅಪ್ಪ ಪಕ್ಕದವರಿಗೆ ಕೇಳುವಂತೆ ಹೇಳಿದರು.

ಅಷ್ಟರಲ್ಲಿ ಗಾಳಿ ಬೀಸಿ ನನ್ನ ಹಿಂದಿನ ಹಲಗೆ ತನಗೆ ತಾನೇ ತಿರುಗಿಕೊಂಡಿತು. ನಾನು ಸರಿ ಮಾಡಿದೆ. ಮತ್ತೆ ತಿರುಗಿತು. ಹುಡುಗಿಯ ಅಪ್ಪನಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತು. ಎರಡೂ ಬದಿಯನ್ನು ನಿಧಾನವಾಗಿ ಓದಿ, ನನ್ನನ್ನು ಬಾಜುವಿಗೆ ಕರೆದರು.

"ತಮ್ಮಾ, ಖರೇ ಹೇಳು. ನೀ ಯಾರ ಆಳು?"

ಮಾಮಾ ದೂರದಿಂದಲೇ ಕಣ್ಣು ಮಿಟುಕಿಸುತ್ತಿದ್ದ. ಆ ಹೊತ್ತಿಗೆ ನನಗೂ ಸಾಕಾಗಿತ್ತು. ಮೂರು ಮನೆಗಳಲ್ಲಿ ತಡವರಿಸಿ ತಡವರಿಸಿ ಉತ್ತರ ಕೊಟ್ಟಿದ್ದೆ, ಇಲ್ಲಿ ನೆಟ್ಟಗೆ ಹೇಳಿದೆ.

"ಕಾಕಾರ, ಪಾಲಿಗೆ ಹೊಲ ಮಾಡ್ತಾರಲ್ಲ, ಹಂಗ ಅಂತ ತಿಳಕೋರಿ."

"ಹಂಗಾದರ ನೀ ಪಾಲಿನಾಂವನ ಆಳು ಅಂದಂಗಾತು," ಎಂದರು ಅವರು. ಮುಖ ಇಳಿಯಿತು.

"ಅಲ್ರಿ, ಅದು ಸರಿ ಹೋಗಲಿಲ್ಲ. ನಿಮ್ಮ ಗಳೇ ಇನ್ನೊಬ್ಬರ ಹೊಲಕ್ಕ ಬಾಡಗಿಗೆ ಹೋಗೂದಿಲ್ಲೇನ್ರಿ? ಹೊಲ ಅವರದು, ಬೆಳಿ ಅವರ ಹೆಸರಲೆ. ಎತ್ತು ನಿಮ್ಮವು, ಕೂರಿಗಿ ನಿಮ್ದು, ಹೊಡಿಯೋ ಮನಶ್ಯಾನೂ ನಿಮ್ಮಾಂವ. ನೋಡೋ ಮಂದಿ ಮಾತ್ರ ಹೊಲದವರು ಬಿತ್ತಿದ್ರು ಅಂತಾರ. ಇಲ್ಲೂ ಹಂಗ. ಹೊಲ ದೊಡ್ಡ ಕಂಪನೀದು, ಗಳೇ ನಮ್ದು."

ಅವರ ಮುಖ ಅರಳಿತು. "ಹಂಗನ್ನು ಮತ್ತ. ಇಷ್ಟಕ್ಕ ನಿಮ್ಮ ಮಾಮಾ ಯಾಕ ಅಷ್ಟು ಸುತ್ತಿ ಬಳಸಿ ಹೇಳಿದ?" ಎಂದರು. ನಾಲ್ಕು ವರ್ಷದ ನೌಕರಿಯಲ್ಲಿ ನನ್ನ ಕೆಲಸವನ್ನು ಅರ್ಥ ಮಾಡಿಕೊಂಡ ಮೊದಲ ಮನುಷ್ಯ ಅವರು, ನಮ್ಮಪ್ಪನಿಗೂ ಅದು ಅರ್ಥವಾಗಿರಲಿಲ್ಲ. ಆದರೆ ಅರ್ಥವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಅವರು ಮುಂದುವರಿದು ಕೇಳಿದರು: "ಹಂಗಾದರ ಅವರು ನಿನಗ ದಿನಾ ಬುತ್ತಿ ಕೊಡ್ತಾರಲ್ಲ?"

ಬೇರೆ ಕಡೆಯವರಿಗೆ ಇದು ತಿಳಿಯದಿರಬಹುದು. ನಮ್ಮಲ್ಲಿ ಒಬ್ಬರ ಗಳೇ, ಅಂದರೆ ಎತ್ತು ಕೂರಿಗೆಯ ಜೋಡಿ, ಇನ್ನೊಬ್ಬರ ಹೊಲಕ್ಕೆ ಹೋದರೆ ಆ ದಿನ ಗಳೇ ಹೊಡೆಯುವವನಿಗೆ ಹೊಲದವರ ಮನೆಯಿಂದಲೇ ಬುತ್ತಿ ಬರಬೇಕು. ಬಾಡಿಗೆ ಬೇರೆ, ಬುತ್ತಿ ಬೇರೆ. ಬಾಡಿಗೆ ತಡವಾದರೆ ನಡೆಯುತ್ತದೆ, ಬುತ್ತಿ ತಪ್ಪಿದರೆ ಆ ಮನೆಯ ಮರ್ಯಾದೆಯೇ ಹೋಯಿತು. ಮುಂದಿನ ವರ್ಷ ಅವರ ಹೊಲಕ್ಕೆ ಯಾರೂ ಗಳೇ ಕಳಿಸುವುದಿಲ್ಲ, ಅವರ ಮನೆಗೆ ಹೆಣ್ಣು ಕೊಡುವವರೂ ಒಮ್ಮೆ ಹಿಂದೆ ಮುಂದೆ ನೋಡುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಆಕಾಶದಲ್ಲಿ ಸದ್ದಾಯಿತು. ಆ ವಿಮಾನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಕೈ ಮುಗಿದದ್ದು ಅವಸರವಾಯಿತು. ಇಳಿದು ಪಟ್ಟಿಯ ತುದಿಯಲ್ಲಿ ತಿರುಗುವಾಗ ವಿಮಾನ ಒಂದು ಕಡೆ ವಾಲಿ ನಿಂತುಬಿಟ್ಟಿತು. ಚಕ್ರ ಪಂಕ್ಚರ್. ಬಂದವರು ಕೆಳಗಿಳಿದು ಚೀಲ ಹಿಡಿದು ನಡೆದುಕೊಂಡೇ ಬಂದರು. ಪೈಲಟ್ ಬಂದು, ಬೇರೆ ಚಕ್ರ ಇನ್ನೊಂದು ವಿಮಾನದಲ್ಲಿ ಮುಂಬಯಿಯಿಂದ ಬರಬೇಕು, ಆ ವಿಮಾನ ಇಳಿಯಬೇಕಾದರೆ ಈ ವಿಮಾನ ಪಟ್ಟಿಯಿಂದ ಪಕ್ಕಕ್ಕೆ ಸರಿಯಬೇಕು ಎಂದರು. ಸರಿಸಲು ನಮ್ಮಲ್ಲಿ ಒಂದು ಜೀಪು ಇತ್ತು. ಅದನ್ನು ಶುರು ಮಾಡಲು ದಿನವೂ ನಾವೇ ದೂಡುತ್ತಿದ್ದೆವು.

ಎಲ್ಲರ ಕಣ್ಣೂ ಟ್ರ್ಯಾಕ್ಟರಿನ ಮೇಲೆ ಹೋಯಿತು. ಸಾಹೇಬರು ಅಂಗೈಯಿಂದ ಹಣೆ ಒರೆಸಿಕೊಂಡರು. ವಿಮಾನ ಸಣ್ಣ ಕಂಪನಿಯದು, ಪ್ರಯಾಣಿಕರು ದೊಡ್ಡ ಕಂಪನಿಯವರು, ಪಟ್ಟಿ ಸರಕಾರದ್ದು, ಟ್ರ್ಯಾಕ್ಟರ್ ಮೊರಬದ್ದು. ಯಾರ ಅಪ್ಪಣೆ ಕೇಳಬೇಕು ಎಂದು ಅವರಿಗೆ ತಿಳಿಯಲಿಲ್ಲ. ಹುಡುಗಿಯ ಅಪ್ಪ ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ಟ್ರೇಲರ್ ಬಿಚ್ಚಿ, ಪೈಲಟ್ ತೋರಿಸಿದ ಕಡೆ ಮೂಗಿನ ಕೆಳಗಿನ ಚಕ್ರಕ್ಕೆ ಕಬ್ಬಿಣದ ಸರಳು ಸಿಕ್ಕಿಸಿ, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಷ್ಟು ನಾಜೂಕಾಗಿ ವಿಮಾನವನ್ನು ಎಳೆದುಕೊಂಡು ಬಂದರು. ಬಳಗವೆಲ್ಲ ಎರಡೂ ಬದಿಗೆ ನಡೆಯುತ್ತ "ಸಾವಕಾಶ್ರಿ, ರೆಕ್ಕಿ, ರೆಕ್ಕಿ" ಎಂದು ಹೇಳುತ್ತಿತ್ತು. ಆಯಿ ಸಣ್ಣ ವಿಮಾನವನ್ನು ಮೇಲಿಂದ ಕೆಳಗೆ ನೋಡಿ, "ಇದು ಮರಿ. ತಾಯಿ ಎಲ್ಲೈತಿ?" ಎಂದು ಮಾಮಾನನ್ನು ಕೇಳಿದರು. ಮಾಮಾ ತಾಯಿ ಮುಂಬಯಿಯಲ್ಲಿದೆ ಎಂದ. ಅವನು ಅಂದು ಹೇಳಿದ್ದರಲ್ಲಿ ಪೂರ್ತಿ ಸತ್ಯವಾದ ಮಾತು ಅದೊಂದೇ.

ಟ್ರ್ಯಾಕ್ಟರ್ ಶೆಡ್ಡಿನ ಮುಂದೆ ನಿಂತದ್ದೇ ಹತ್ತಿ ವ್ಯಾಪಾರಿ ಎದ್ದು ಬಂದ. ಅವನಿಗೆ ಮುಂಬಯಿಯಲ್ಲಿ ಸಂಜೆ ಕೆಲಸವಿತ್ತು. ವಿಮಾನವನ್ನು ಎಳೆದು ತಂದವರೇ ಅದರ ಯಜಮಾನರು ಎಂದು ತಿಳಿದು, ನೇರವಾಗಿ ಹುಡುಗಿಯ ಅಪ್ಪನ ಎದುರು ನಿಂತ.

"ಟಿಕೇಟು ಹರಿಯುವಾಗ ಹಲ್ಲು ಕಿಸಿತೀರಿ, ಗಾಲಿಗೆ ಗಾಳಿ ಹಾಕಾಕ ಬರೂದಿಲ್ಲ. ನಿಮ್ಮ ಕಂಪನಿಗೆ ನಾಚಿಕಿ ಅನ್ನೂದು ಐತೇನು?"

"ನನ್ನ ಕಂಪನಿ ಅಲ್ರಿ ಅದು," ಎಂದರು ಹುಡುಗಿಯ ಅಪ್ಪ.

"ಎಲ್ಲಾರೂ ಇದನ್ನ ಅಂತೀರಿ. ನನ್ನದಲ್ಲ, ನನ್ನದಲ್ಲ. ಹಂಗಾದರ ಇದು ಯಾರದು, ನಂದೇನು?"

ಹುಡುಗಿಯ ಅಪ್ಪ ತಮ್ಮ ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಅವರ ಕಿವಿ ಕೆಂಪಾದದ್ದು ನನಗೆ ದೂರದಿಂದಲೇ ಕಂಡಿತು. ನಾನು ಓಡಿಹೋಗಿ ನಡುವೆ ನಿಂತು, ದಿನವೂ ಹೇಳುವ ಮಾತುಗಳನ್ನು ಹೇಳಿ, ದಿನವೂ ತಿನ್ನುವ ಬೈಗುಳ ತಿಂದು, ವ್ಯಾಪಾರಿಯನ್ನು ಕುರ್ಚಿಯ ಮೇಲೆ ಕೂರಿಸಿದೆ. ಹಿಂತಿರುಗಿ ನೋಡಿದರೆ ಹುಡುಗಿಯ ಅಪ್ಪ ಟ್ರ್ಯಾಕ್ಟರಿನ ಚಕ್ರದ ಮೇಲಿನ ತಗಡಿನ ಮೇಲೆ ಹತ್ತಿ, ಕೈ ಕಟ್ಟಿಕೊಂಡು ಕೂತಿದ್ದರು.

ಬಿಸಿಲು ನೆತ್ತಿಗೆ ಬಂತು. ಬಳಗ ಬೇವಿನ ಮರದ ಕೆಳಗೆ ತಾವು ತಂದ ಗಂಟು ಬಿಚ್ಚಿ ಊಟಕ್ಕೆ ಕೂತಿತು. ಹುಡುಗಿಯ ಅಪ್ಪನನ್ನು ಕರೆದರೆ ಇಳಿಯಲಿಲ್ಲ.

"ನಾ ನಮ್ಮ ಬುತ್ತಿ ಉಣ್ಣೂದಿಲ್ಲ. ನನ್ನ ಗಾಡಿ ಇವತ್ತ ದೊಡ್ಡ ಕಂಪನಿ ಕೆಲಸಕ್ಕ ಹೋಗೇತಿ. ಬೈಸಿಕೊಂಡಿದ್ದೂ ಅವರ ಹೆಸರಲೆ. ಬುತ್ತಿ ಅವರು ತರಬೇಕು."

ನಾನು ಗಳೇ ಹೋಲಿಕೆ ಕೊಟ್ಟ ನನ್ನ ನಾಲಗೆಯನ್ನು ಶಪಿಸಿದೆ. ಸಾಹೇಬರು ತಮ್ಮ ಕಿಸೆಯಿಂದಲೇ ನೋಟು ತೆಗೆದು ಕೊಡಲು ಹೋದರು. ಅದು ಇನ್ನೂ ಕೆಟ್ಟಿತು. ಹುಡುಗಿಯ ಅಪ್ಪ ನೋಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನನ್ನ ಕಡೆ ನೋಡಿ ತಣ್ಣಗೆ ಅಂದರು: "ತಮ್ಮಾ, ನೀ ಬೇರೆ, ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದರ ಕೆಲಸ ಮಾಡಿಸಿಕೊಂಡು ಉಣ್ಣಾಕ ಹಾಕದ ಮಂದೀಯೊಳಗ ದುಡಿಯಾಂವಗ ನಾ ಹೆಣ್ಣ ಹೆಂಗ ಕೊಡಲಿ? ನಾಳೆ ಅಕಿ ಹೊಟ್ಟಿಗೆ ಯಾರು ಹೊಣಿ?"

ಮಾಮಾ ಬೇವಿನ ಮರಕ್ಕೆ ಹಣೆ ಆನಿಸಿ ನಿಂತ. ನಾಲ್ಕನೆಯದೂ ಹೋಯಿತು ಎಂಬುದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು.

ಸಾಹೇಬರು ಟ್ರಂಕ್ ಕಾಲ್ ಹಚ್ಚಿದರು. ನನ್ನ ಸಲುವಾಗಿ ಒಬ್ಬ ಮೇಲಧಿಕಾರಿ ಅಷ್ಟು ಮಾಡಿದ್ದು ನನ್ನ ಇಡೀ ಸರ್ವೀಸಿನಲ್ಲಿ ಅದೊಂದೇ ಸಲ. ಲೈನು ಸಿಕ್ಕಿತು. ದೊಡ್ಡ ಕಂಪನಿಯವರಿಗೆ ಮೊದಲು ಪಂಕ್ಚರಿನ ವರದಿ ಒಪ್ಪಿಸಿ, ಆಮೇಲೆ ಗಂಟಲು ಸರಿಮಾಡಿಕೊಂಡು, ಒಬ್ಬರಿಗೆ ಊಟದ ವ್ಯವಸ್ಥೆ ಆಗಬೇಕು ಎಂದರು. ಪ್ರಯಾಣಿಕರೋ ಎಂದು ಆ ಕಡೆಯವರು ಕೇಳಿದರು. ಅಲ್ಲ, ಟ್ರ್ಯಾಕ್ಟರಿನವರು. ಟ್ರ್ಯಾಕ್ಟರ್ ನಿಮ್ಮ ಕಂಪನಿಯದೋ? ಅಲ್ಲ, ನಮ್ಮ ಸಿಬ್ಬಂದಿಗೆ ಮಾವ ಆಗಬಹುದಾದವರದು. ಆ ಕಡೆಯವರು ಇನ್ಯಾರನ್ನೋ ಕೇಳಿ ಬಂದರು. ಆಮೇಲೆ, ಊಟ ಉಪಚಾರ ಏನಿದ್ದರೂ ವಿಮಾನ ಹಾರಿಸುವವರ ಜವಾಬ್ದಾರಿ ಎಂಬ ಉತ್ತರ ಬಂತು. ಸಾಹೇಬರು ನಮ್ಮದೇ ಸಣ್ಣ ಕಂಪನಿಯ ಮುಖ್ಯ ಆಫೀಸಿಗೆ ಹಚ್ಚಿದರು. ಊಟ ಉಪಚಾರ ಏನಿದ್ದರೂ ಟಿಕೆಟ್ ಮಾರಿದವರ ಜವಾಬ್ದಾರಿ ಎಂದು ಅವರು ಹೇಳಿದರು. ಇಬ್ಬರೂ ಫೋನು ಇಡುವಾಗ ಥ್ಯಾಂಕ್ ಯೂ ಎಂದರಂತೆ.

ಸಾಹೇಬರು ಫೋನು ಇಟ್ಟು ನನ್ನ ಮುಖ ನೋಡಿದರು. ನನಗೆ ಸಿಟ್ಟು ಬಂತು. ದೊಡ್ಡವರ ಮೇಲೆ, ಸಣ್ಣವರ ಮೇಲೆ, ಟೈ ಮೇಲೆ, ಹಲಗೆಯ ಮೇಲೆ. ಕೌಂಟರಿನ ಕೆಳಗಿದ್ದ ನನ್ನ ಬುತ್ತಿ ಗಂಟು ಎತ್ತಿಕೊಂಡು ಬಿಸಿಲಿನಲ್ಲಿ ನಡೆದು ಟ್ರ್ಯಾಕ್ಟರಿನ ಹತ್ತಿರ ಹೋದೆ. ಗಂಟು ಬಿಚ್ಚಿ ಟ್ರ್ಯಾಕ್ಟರಿನ ಮುಸುಡಿಯ ಮೇಲೆ ಹರವಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ.

"ಊಟ ಮಾಡ್ರಿ ಕಾಕಾರ."

"ಇದು ಯಾರ ಬುತ್ತಿ?"

"ದೊಡ್ಡ ಕಂಪನೀದು."

"ದೊಡ್ಡ ಕಂಪನ್ಯಾಗ ಉಳ್ಳಾಗಡ್ಡಿ ಕೊಡ್ತಾರ?"

"ಕಾಕಾರ, ದೊಡ್ಡ ಕಂಪನಿ ಪರವಾಗಿ ಸಣ್ಣ ಕಂಪನಿ ವಿಮಾನ ಹಾರಸತೈತಿ. ಸಣ್ಣ ಕಂಪನಿ ಪರವಾಗಿ ನಾ ಇಲ್ಲಿ ನಿಂತೀನಿ. ನನ್ನ ಪರವಾಗಿ ನಮ್ಮವ್ವ ರೊಟ್ಟಿ ಬಡದಾಳ. ಎಲ್ಲಾರ ಲೆಕ್ಕಾನೂ ಇದರಾಗ ಬಂತು. ಉಣ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಗತೊಡಗಿದರು. ಬಳಗ ನಕ್ಕಿತು, ಸಾಹೇಬರು ನಕ್ಕರು, ಕನ್ನಡ ಬಾರದ ಪೈಲಟ್ ಕೂಡ ಎಲ್ಲರನ್ನೂ ನೋಡಿ ನಕ್ಕರು. ಹುಡುಗಿಯ ಅಪ್ಪ ಕೆಳಗಿಳಿದು ಕೈ ತೊಳೆದು ಉಣ್ಣಲು ಶುರು ಮಾಡಿದರು. ಮಾಮಾ ಮರದಿಂದ ಹಣೆ ತೆಗೆದು, ಇದೆಲ್ಲ ತಾನೇ ಹೇಳಿಕೊಟ್ಟದ್ದು ಎಂಬ ಮುಖ ಮಾಡಿಕೊಂಡು ಹತ್ತಿರ ಬಂದ.

ನಗದೆ ಇದ್ದವರು ಆಯಿ ಒಬ್ಬರೇ. ಅವರು ಎದ್ದು ಬಂದು ಒಂದು ರೊಟ್ಟಿ ಎತ್ತಿಕೊಂಡರು. ಅಂಚು ಮುಟ್ಟಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು.

"ಕೈ ಚಲೋ ಐತಿ ನಿಮ್ಮವ್ವಂದು. ಎಷ್ಟೊತ್ತಿಗೆ ಏಳ್ತಾಳ?"

"ಕೋಳಿ ಕೂಗೂಕಿಂತ ಮದ್ಲ್ರಿ. ನಾ ಮೊದಲಿನ ಬಸ್ಸಿಗೆ ಬರಬೇಕಲ್ಲ."

"ನಮ್ಮ ಹುಡುಗಿ ಬಂದ ಮ್ಯಾಲೆ ಇದನ್ನ ಯಾರು ಬಡೀತಾರ?"

"ಸೊಸಿ ಬಂದ ಮ್ಯಾಲೆ ಸೊಸೀನ ರೊಟ್ಟಿ ಬಡೀತಾಳ್ರಿ ಆಯಿ, ಮತ್ಯಾರು," ಎಂದ ಮಾಮಾ, ಗೆದ್ದವನ ಖುಷಿಯಲ್ಲಿ.

"ಹಂಗಾದರ ತಿಳೀತು ಬಿಡು," ಅಂದರು ಆಯಿ. ದನಿ ಏರಿಸಲಿಲ್ಲ. "ಬೊಂಬಾಯಿಯವರು ಹೆಸರು ಮಾಡ್ತಾರ. ಇವರು ಹಾರಸ್ತಾರ. ಇಂವಾ ಟೈ ಕಟಿಗೊಂಡು ಬೈಸಿಕೊಳ್ತಾನ. ಮತ್ತ ನಮ್ಮ ಹುಡುಗಿ ಕತ್ತಲ್ದಾಗ ಎದ್ದು ಇವರೆಲ್ಲಾರ ಹೆಸರಲೆ ರೊಟ್ಟಿ ಬಡೀಬೇಕು. ಅಕಿ ಹೆಸರು ಯಾವ ಹಲಗಿ ಮ್ಯಾಲೆ ಬರೀತೀರಿ?"

ಹುಡುಗಿಯ ಅಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ನಾನು ಎಂಥ ಜಾಣತನದ ಮಾತಾಡಿದೆ ಎಂದು ಆಗತಾನೆ ಹಿಗ್ಗಿದ್ದೆ. ಆ ಹಿಗ್ಗು ಅಲ್ಲಿಗೇ ಇಳಿಯಿತು. ನನ್ನನ್ನು ಎಲ್ಲರೂ ಕೊನೆಯವನನ್ನಾಗಿ ಮಾಡಿದ್ದಾರೆ ಎಂದು ನಾಲ್ಕು ವರ್ಷ ಊರಿಗೆಲ್ಲ ಗೊಣಗಿದ್ದೆ. ನನ್ನ ಹಿಂದೆಯೂ ಅವ್ವ ಒಲೆಯ ಹೊಗೆಯಲ್ಲಿ ಕೂತಿದ್ದಳು. ಮುಂದೆ ಆ ಜಾಗಕ್ಕೆ ಬರಬೇಕಾದವಳು ಯಾರೆಂದು ಆಯಿ ಕೇಳುತ್ತಿದ್ದರು, ನಾನು ಅದಕ್ಕೆ ಉತ್ತರ ಕೊಡಲೇಬೇಕಿತ್ತು.

"ನನ್ನ ಬುತ್ತಿ ರೊಟ್ಟಿ ನಾನ ಬಡಿಯೂದು ಕಲೀತೀನ್ರಿ ಆಯಿ," ಎಂದೆ.

ಮಾಮಾನಿಗೆ ಕೆಮ್ಮು ಹತ್ತಿತು. ಬಳಗದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಯಿ ನನ್ನ ಟೈ ಹಿಡಿದು, ಕರುವಿನ ಕಣ್ಣಿ ಹಿಡಿದಂತೆ ಹತ್ತಿರ ಎಳೆದುಕೊಂಡರು.

"ಬಾಯಿಲೆ ಎಲ್ಲಾರೂ ಕಲೀತಾರ. ಕಲತ ಮ್ಯಾಲೆ ಮೊರಬಕ್ಕ ತಂದ ತೋರಸು. ಅಲ್ಲೀತನಕ ನಮ್ಮ ಕಡಿಂದ ಹೌದೂ ಇಲ್ಲ, ಅಲ್ಲಾನೂ ಇಲ್ಲ."

ಟ್ರ್ಯಾಕ್ಟರ್ ಹೋಯಿತು. ಸಾಯಂಕಾಲ ಚಕ್ರ ಬಂತು, ವ್ಯಾಪಾರಿ ಮತ್ತೊಂದು ಸಲ ತೂಕ ಮಾಡಿಸಿಕೊಂಡು, ಈಗ ಕಡಿಮೆ ಬಂತೆಂದು ಸಮಾಧಾನಪಟ್ಟು ವಿಮಾನ ಹತ್ತಿದ. ಊಟ ಬಿಟ್ಟು ಕಾದಿದ್ದನಲ್ಲ.

ಮನೆಯಲ್ಲಿ ಹೇಳಿದಾಗ ಅವ್ವ ಮೊದಲು ನಕ್ಕಳು. ನಾನು ನಿಜಕ್ಕೂ ಒಲೆಯ ಮುಂದೆ ಬಂದು ಕೂತಾಗ ಸಿಟ್ಟಾದಳು. "ಗಂಡಸು ರೊಟ್ಟಿ ಬಡಿಯೋ ಸಪ್ಪಳ ಓಣ್ಯಾಗ ಕೇಳಿದರ ಏನಂದಾರು?" ಎಂದು ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಅಪ್ಪ ಹೊರಗೆ ಕುರಿ ಎಣಿಸುವ ನೆವದಲ್ಲಿ ಹೋದವನು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ.

ರೊಟ್ಟಿ ಬಡಿಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ನೋಡುವುದಕ್ಕೂ ಬಡಿಯುವುದಕ್ಕೂ ಸಂಬಂಧವೇ ಇಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಸರಿಯಾಗಿ ಬೀಳದಿದ್ದರೆ ಜಿಗಿ ಬರುವುದಿಲ್ಲ, ಜಿಗಿ ಬರದಿದ್ದರೆ ಅಂಗೈ ಕೆಳಗೆ ರೊಟ್ಟಿ ದೊಡ್ಡದಾಗುವ ಬದಲು ಚೂರಾಗುತ್ತದೆ. ಹೇಗೋ ದುಂಡಗಾದರೆ ಹಂಚಿಗೆ ಎತ್ತಿ ಹಾಕುವಾಗ ನಡುವೆ ಹರಿಯುತ್ತದೆ. ನನ್ನ ಮೊದಲ ರೊಟ್ಟಿಗಳನ್ನು ನಾಯಿ ಮೂಸಿ ನೋಡಿ, ನನ್ನ ಮುಖ ನೋಡಿ, ಹೋಗಿ ಮಲಗಿತು. ಕುರಿಗಳು ತಿಂದವು. ಕುರಿಗಳು ಒಳ್ಳೆಯ ಜೀವ, ಯಾರಿಗೂ ಬೇಸರ ಮಾಡುವುದಿಲ್ಲ. ಆಫೀಸಿಗೆ ನಾನು ಅದೇ ಚೂರುಗಳನ್ನು ಕಟ್ಟಿಕೊಂಡು ಹೋಗುತ್ತಿದ್ದೆ. ಸಾಹೇಬರು ಒಂದು ಚೂರು ಬಾಯಿಗೆ ಹಾಕಿಕೊಂಡು, "ಈ ಹುಡುಗಿ ಬಹಳ ಒಳ್ಳೆಯವಳಿರಬೇಕು," ಎಂದಷ್ಟೇ ಹೇಳಿದರು.

ದಿನ ಕಳೆದಂತೆ ಅವ್ವನ ಸಿಟ್ಟು ಇಳಿಯಿತು. ಎದ್ದು ಬಂದು ಹಿಂದೆ ಕೂತು, "ಅಂಗೈ ಅಲ್ಲ, ಬೆರಳ ತುದೀಲೆ," "ತಿರುವು, ತಿರುವು," ಎಂದು ಹೇಳತೊಡಗಿದಳು. ಒಂದು ಮುಂಜಾನೆ ಅವಳು ಏಳಲೇ ಇಲ್ಲ. ಹೋಗಿ ನೋಡಿದೆ. ಎಚ್ಚರವಿತ್ತು, ಸುಮ್ಮನೆ ಹೊದ್ದುಕೊಂಡು ಮಲಗಿದ್ದಳು. "ನಿನ್ನ ಕೆಲಸ ನೀ ಮಾಡಕೋ. ನಾ ಒಂದೀಟು ಮಲಕ್ಕೋತೀನಿ," ಎಂದಳು. ಅವ್ವ ಬೆಳಗಾದ ಮೇಲೂ ಹಾಸಿಗೆಯಲ್ಲಿದ್ದದ್ದನ್ನು ನಾನು ಅದಕ್ಕೂ ಮುಂಚೆ ಜ್ವರ ಬಂದಾಗ ಮಾತ್ರ ನೋಡಿದ್ದೆ. ಹಂಚಿನ ಮುಂದೆ ಬಂದು ಕೂತವನಿಗೆ ಕಣ್ಣು ಉರಿಯಿತು, ಹೊಗೆ ಅಷ್ಟೇನೂ ಇರಲಿಲ್ಲ.

ರಜೆ ಹಾಕಿ ಮೊರಬಕ್ಕೆ ಹೋದೆ. ಮಾಮಾ ಬರಲಿಲ್ಲ. ಬೀಗರ ಮನೆಗೆ ಫಲ, ಪೇಡೆ ಒಯ್ಯುವುದು ಗೊತ್ತು, ಗಂಡು ತಾನೇ ಬಡಿದ ರೊಟ್ಟಿ ಒಯ್ಯುವುದನ್ನು ತಾನು ಕಣ್ಣಾರೆ ನೋಡಲಾರೆ ಎಂದ. ಬಸ್ಸಿನಲ್ಲಿ ಗಂಟನ್ನು ಯಾರೂ ಒತ್ತದಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅವರ ಮನೆಯ ಪಡಸಾಲೆಯಲ್ಲಿ ಹುಡುಗಿಯ ಅಪ್ಪ ಜಮಖಾನೆ ಹಾಸಿದರು. ಆಯಿ ಗಂಟು ಬಿಚ್ಚಿ, ಮೇಲಿನದನ್ನು ಬಿಟ್ಟು ನಡುವಿನಿಂದ ಒಂದು ರೊಟ್ಟಿ ಎಳೆದರು. ಮೇಲೆ ಚಲೋದು ಇಟ್ಟಿರುತ್ತಾರೆಂದು ಅವರಿಗೆ ಗೊತ್ತಿತ್ತು. ನಾನು ಹಾಗೆಯೇ ಇಟ್ಟಿದ್ದೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ನನಗ ಹಲ್ಲಿಲ್ಲ, ನಾ ಏನ ಹೇಳಲಿ. ನಾಳೆ ಇವನ ಕೂಡ ಉಣ್ಣಾಕಿ ನಾ ಅಲ್ಲ," ಎಂದು ಅಡುಗೆಮನೆಯ ಕಡೆ ತಿರುಗಿ ಹುಡುಗಿಯನ್ನು ಕರೆದರು. "ಬಾ ಇಲ್ಲಿ. ನೀ ತಿಂದು ಹೇಳು."

ಅವಳು ಬಾಗಿಲ ಹಿಂದಿನಿಂದ ಬಂದಳು. ಈ ಸಲ ಕೈಯಲ್ಲಿ ಚಹಾದ ತಾಟು ಇರಲಿಲ್ಲ, ತಲೆ ಬಗ್ಗಿಸಿರಲೂ ಇಲ್ಲ. ಗಂಟಿನ ಮುಂದೆ ಕೂತು ಒಂದೊಂದೇ ರೊಟ್ಟಿ ತಿರುವಿ ನೋಡಿದಳು, ಒಂದನ್ನು ಮುರಿದು ತಿಂದಳು. ಬಿ.ಎ. ಪರೀಕ್ಷೆಯಲ್ಲೂ ನಾನು ಅಷ್ಟು ಅಂಜಿರಲಿಲ್ಲ.

"ಅಂಚು ಹಸಿ ಅದಾವು," ಎಂದಳು. ಅದು ನಾನು ಕೇಳಿದ ಅವಳ ಮೊದಲ ಮಾತು. ಆಮೇಲೆ ಇನ್ನೊಂದು ತುತ್ತು ಮುರಿದುಕೊಂಡು, ನೆಟ್ಟಗೆ ನನ್ನನ್ನೇ ನೋಡಿ ಹೇಳಿದಳು: "ಬಡಿಯೋ ಕೈ ಬಂದೈತಿ. ಬೇಯಸೂದು ನಾ ತೋರಸ್ತೀನಿ."

"ಹಂಗಾದರ ಏನಂತ ಹೇಳೂಣವ್ವಾ ಇವರಿಗೆ?" ಎಂದು ಅವಳ ಅಪ್ಪ ಆಯಿಯನ್ನು ಕೇಳಿದರು.

ಆಯಿ ಮತ್ತೆ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡಿದ್ದರು. ಮೊಮ್ಮಗಳ ಕಡೆ ಕೈ ಮಾಡಿದರು. ಅವಳೇ ಹೂಂ ಅಂದಳು.